ಕುದುರೆಯ ಕೊಬ್ಬು, ಮೃಗಶಿರೆಯ ಹುಲ್ಲು

(ಬಾನುಲಿ ಭಾಷಣ)

‘ಕುದುರೆಯನ್ನು ಕಂಡರೆ ಕಾಲುನೋವು’ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಅಲ್ಲಿ ನೋವು ನಡೆಯಲು ಬೇಸರಪಡುವ ಮನುಷ್ಯನದು. ನಾನು ಈಗ ಹೇಳಹೊರಟಿರುವುದು ಕುದುರೆಯದೇ ಕಾಲುನೋವನ್ನು ಕುರಿತು. ಅದು ಅನೇಕ ವೇಳೆ ಸಾಕಿದವನ ಅಕ್ಕರೆಯಿಂದಲೇ ಬರುತ್ತದೆ. ಆದುದರಿಂದ ಅದನ್ನು ತಡೆಯುವುದೂ ಬಹುಮಟ್ಟಿಗೆ ಸಾಕಿದವನ ಕೈಯಲ್ಲಿಯೇ ಇದೆ.

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿ ದೇಸೂರ ಎಂಬ ಊರಿದೆ. ಲೋಂಡಾದ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಅದಕ್ಕೊಂದು ನಿಲ್ದಾಣವೂ ಉಂಟು. ಅಲ್ಲಿ ನನ್ನ ಸೋದರಮಾವನ ಮನೆ. ಮಾವನ ಬಳಿ ಗಿಡ್ಡ ಜಾತಿಯ ಒಂದು ಹೆಣ್ಣು ಕುದುರೆ ಇತ್ತು. ಅದು ಹಲವು ವರ್ಷ ಟಾಂಗಾ ಎಳೆದು ಮನೆಯವರಿಗೆ ಅನ್ನ ಹಾಕಿತು. ಆಟೋರಿಕ್ಷಾಗಳು ಬಂದು ಟಾಂಗಾ ಮೂಲೆ ಸೇರಿದ ಮೇಲೆ, ‘ದುಡಿದ ಜೀವ, ಇನ್ನಾದರೂ ಸುಖವಾಗಿರಲಿ’ ಎಂದು ಮಾವ ಅದನ್ನು ಮಾರದೆ ಹಿತ್ತಿಲಲ್ಲಿ ಕಟ್ಟಿದ. ದುಡಿಮೆ ನಿಂತಿತು, ಆದರೆ ಟಾಂಗಾದವರು ಚಂದಿ ಎಂದು ಕರೆಯುವ ಕಾಳಿನ ಆಹಾರ ನಿಲ್ಲಲಿಲ್ಲ. ನೆನೆಸಿದ ಕಡಲೆ, ಗೋಧಿಯ ಬೂಸಾ, ಸಂಜೆಗೊಂದು ಬೆಲ್ಲದ ಹೆಂಟೆ ಎಲ್ಲವೂ ಹಿಂದಿನಂತೆಯೇ ನಡೆದವು. ಕುದುರೆ ದುಂಡಗಾಯಿತು. ನೋಡಿದವರೆಲ್ಲ ಮಾವನನ್ನು ಹೊಗಳಿದರು.

ಮೃಗಶಿರೆ ಹುಯ್ದು, ಗದ್ದೆಯ ಬದುಗಳೆಲ್ಲ ಹಸುರಾದ ಒಂದು ಬೆಳಿಗ್ಗೆ, ಕುದುರೆ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಮೈಯ ಭಾರವನ್ನೆಲ್ಲ ಹಿಂಗಾಲುಗಳ ಮೇಲೆ ಹೇರಿ ನಿಂತಿತ್ತು. ಒಂದು ಹೆಜ್ಜೆ ಇಡಿಸುವುದೂ ಕಷ್ಟವಾಯಿತು. ವಾಯು ಹಿಡಿದಿದೆಯೆಂದು ನಾವು ಎಣ್ಣೆ ತಿಕ್ಕಿದೆವು. ಜಡತ್ವ ಬಿಡಲೆಂದು ಬಲವಂತವಾಗಿ ನಡೆಸಿದೆವು. ವೈದ್ಯರನ್ನು ಕರೆತಂದುದು ಆರನೆಯ ದಿನ. ಶ್ರಾವಣ ಬರುವಷ್ಟರಲ್ಲಿ ಅದು ನೆಲ ಹಿಡಿಯಿತು, ಮತ್ತೆ ಏಳಲಿಲ್ಲ. ನಾವು ಮಾಡಿದ ತಪ್ಪು ಯಾವುದೆಂದು ಆಗ ನಮಗೆ ತಿಳಿದಿರಲಿಲ್ಲ.

ಆ ರೋಗಕ್ಕೆ ಪಶುವೈದ್ಯರು ಲ್ಯಾಮಿನೈಟಿಸ್ ಎನ್ನುತ್ತಾರೆ. ಗೊರಸಿನೊಳಗಿನ ಉರಿಯೂತವೆಂದು ನಾವು ಹೇಳಿಕೊಳ್ಳಬಹುದು. ಕುದುರೆಯ ಪಾದದ ಎಲುಬು ಗೊರಸಿನ ತಳದ ಮೇಲೆ ಕುಳಿತಿರುವುದಿಲ್ಲ. ಪುಸ್ತಕದ ಹಾಳೆಗಳಂತೆ ಒಂದರೊಳಗೊಂದು ಸೇರಿಕೊಂಡ ಸೂಕ್ಷ್ಮವಾದ ಪದರಗಳಿಂದ ಗೊರಸಿನ ಗೋಡೆಗೆ ತೂಗುಬಿದ್ದಿರುತ್ತದೆ. ಆ ಪದರಗಳು ಸಡಿಲಿದರೆ ಮೈಯ ಭಾರವೆಲ್ಲ ಎಲುಬನ್ನು ಕೆಳಕ್ಕೆ ಒತ್ತುತ್ತದೆ. ಕೊಬ್ಬಿದ ಕುದುರೆಯಲ್ಲಿ ಇದು ಏಕೆ ಆಗುತ್ತದೆ? ಸಕ್ಕರೆ ಪಿಷ್ಟಗಳುಳ್ಳ ಮೇವು ಹೊಟ್ಟೆ ಸೇರಿದೊಡನೆ ಅಂಥ ಕುದುರೆಯ ರಕ್ತದಲ್ಲಿ ಇನ್ಸುಲಿನ್ ಮಿತಿಮೀರಿ ಏರುತ್ತದೆ. 2007ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪ್ರಯೋಗವೊಂದರಲ್ಲಿ ಆರೋಗ್ಯವಾಗಿದ್ದ ಗಿಡ್ಡ ಕುದುರೆಗಳಿಗೆ ಇನ್ಸುಲಿನ್ನನ್ನು ಎಡೆಬಿಡದೆ ಕೊಟ್ಟಾಗ ಮೂರು ದಿನಗಳೊಳಗೆ ಅವುಗಳಿಗೆ ಈ ರೋಗ ಕಾಣಿಸಿತು. ಕಾಲಿನ ಬೇನೆಯ ಬೇರು ಮೇವಿನಲ್ಲಿಯೂ ಇರಬಹುದೆಂಬುದು ಇದರಿಂದ ಸ್ಪಷ್ಟವಾಯಿತು.

ಎಲ್ಲ ಕುದುರೆಗಳೂ ಒಂದೇ ಬಗೆಯವಲ್ಲ. ಕೆಲವು ಎಷ್ಟು ತಿಂದರೂ ಮೈ ಹಿಡಿಯವು. ಕೆಲವು ಗಾಳಿ ಕುಡಿದೇ ಕೊಬ್ಬುವಂತೆ ತೋರುತ್ತವೆ. ದಖ್ಖನಿನ ಗಿಡ್ಡ ಕುದುರೆಗಳು ಸಾಮಾನ್ಯವಾಗಿ ಈ ಎರಡನೆಯ ಬಗೆಗೆ ಸೇರಿದವು. ಭೀಮಾ ನದಿಯ ದಂಡೆಯಿಂದ ಹೆಸರು ಪಡೆದ ಭೀಮಥಡಿ ತಳಿ ಇಂಥದು. ಮರಾಠರ ಅಶ್ವಸೈನ್ಯ ಬೆಟ್ಟಗುಡ್ಡಗಳಲ್ಲಿ ಇವುಗಳನ್ನೇ ನೆಚ್ಚಿತ್ತು. ಬರದ ನಾಡಿನಲ್ಲಿ ಒಣಕಡ್ಡಿ ತಿಂದು ದಿನಕ್ಕೆ ಹತ್ತಾರು ಮೈಲಿ ನಡೆಯುವಂತೆ ಪ್ರಕೃತಿ ರೂಪಿಸಿದ ದೇಹ ಅವುಗಳದು. ಸುಗ್ಗಿಯಲ್ಲಿ ತಿಂದುದನ್ನು ಕೊಬ್ಬಾಗಿ ಕೂಡಿಟ್ಟು ಬೇಸಗೆಯಲ್ಲಿ ಖರ್ಚು ಮಾಡುವುದು ಆ ದೇಹದ ಲೆಕ್ಕಾಚಾರ. ನಾವು ಬೇಸಗೆಯಲ್ಲಿಯೂ ಕಾಳು ಸುರಿದರೆ ಜಮೆಯ ಮೇಲೆ ಜಮೆ ಬೀಳುತ್ತದೆಯೇ ಹೊರತು ಖರ್ಚಿನ ಕಾಲ ಬರುವುದೇ ಇಲ್ಲ.

ಅಕ್ಕರೆಯ ಅತಿರೇಕ ನಮ್ಮಲ್ಲಿ ಹೊಸದೂ ಅಲ್ಲ. 13ನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಭಾರತವನ್ನು ಕಂಡ ಮಾರ್ಕೊ ಪೋಲೊ, ಇಲ್ಲಿಯವರು ಕುದುರೆಗಳಿಗೆ ಬೇಯಿಸಿದ ಅನ್ನವನ್ನೂ ಮಾಂಸವನ್ನೂ ತಿನ್ನಿಸುತ್ತಿದ್ದರೆಂದು ಬರೆದಿದ್ದಾನೆ. ಅರಸರ ಕುದುರೆಗಳಿಗೆ ದಂಡಯಾತ್ರೆಯಾದರೂ ಇತ್ತು. ಇಂದು ಮದುವೆಯ ಮೆರವಣಿಗೆಗಾಗಿ, ಗಾಡಿಯ ಶರ್ಯತ್ತಿಗಾಗಿ, ಮಕ್ಕಳ ಸಂತೋಷಕ್ಕಾಗಿ ಸಾಕಿದ ಕುದುರೆಗಳು ವರ್ಷದ ಬಹುಭಾಗ ಸುಮ್ಮನೆ ನಿಂತಿರುತ್ತವೆ.

ಇಂಗ್ಲೆಂಡಿನಲ್ಲಿ ವಸಂತ ಬರುವ ಮುನ್ನ ಕುದುರೆಯನ್ನು ತೆಳ್ಳಗಾಗಿಸಬೇಕೆಂದು ಹೇಳುತ್ತಾರೆ. ಅಲ್ಲಿ ಚಳಿಗಾಲ ಕಳೆದೊಡನೆ ಎಳೆಹುಲ್ಲು ಚಿಗುರುತ್ತದೆ. ನಮ್ಮಲ್ಲಿ ಯುಗಾದಿಗೆ ಮಾವು ಬೇವು ಚಿಗುರಿದರೂ ನೆಲದ ಹುಲ್ಲು ಒಣಗಿ ಹಳದಿಯಾಗಿರುತ್ತದೆ. ಕುದುರೆಯ ಪಾಲಿಗೆ ನಿಜವಾದ ವಸಂತ ಬರುವುದು ಜೂನ್ ಮೊದಲ ವಾರ ಕಳೆದು ಮೃಗಶಿರೆ ಹುಟ್ಟಿದ ಮೇಲೆ. ಸಹ್ಯಾದ್ರಿಯ ಮಗ್ಗುಲಲ್ಲಿರುವ ಖಾನಾಪುರದ ಸೀಮೆಯಲ್ಲಂತೂ ಆ ಹಸುರು ಹಬ್ಬಲು ಹೆಚ್ಚು ದಿನ ಬೇಡ. ಆದುದರಿಂದ ನಮ್ಮ ಕೆಲಸ ಶಿವರಾತ್ರಿಯ ಸುಮಾರಿಗೆ ಆರಂಭವಾಗಬೇಕು. ಅಲ್ಲಿಂದ ಮೃಗಶಿರೆಗೆ ನೂರು ದಿನಗಳಷ್ಟು ಅವಕಾಶವಿದೆ.

ಮೊದಲ ಕೆಲಸ ಕೈಯಿಂದ ಮುಟ್ಟಿ ನೋಡುವುದು. ಅಮೆರಿಕದ ಟೆಕ್ಸಾಸಿನಲ್ಲಿ ಹೆನ್ನೆಕೆ ಎಂಬ ವಿದ್ವಾಂಸ ಮತ್ತು ಅವನ ಸಂಗಡಿಗರು 1983ರಲ್ಲಿ ಒಂದರಿಂದ ಒಂಬತ್ತರವರೆಗಿನ ಅಳತೆಗೋಲೊಂದನ್ನು ಪ್ರಕಟಿಸಿದರು. ಒಂದೆಂದರೆ ಎಲುಬಿನ ಹಂದರ, ಒಂಬತ್ತೆಂದರೆ ಅತಿ ಕೊಬ್ಬು, ಐದು ಹದವಾದ ಮೈ. ಪಕ್ಕೆಲುಬು ಕಣ್ಣಿಗೆ ಕಾಣದೆ ಬೆರಳಿಗೆ ಸುಲಭವಾಗಿ ಸಿಕ್ಕಬೇಕು. ಕತ್ತಿನ ಮೇಲೆ ಜೂಲು ಹುಟ್ಟುವ ಗೆರೆ ಗಟ್ಟಿಯಾಗಿ ಉಬ್ಬಿದ್ದರೆ, ಬೆನ್ನಿನ ನಡುವೆ ಕಾಲುವೆಯಂತೆ ತಗ್ಗಿದ್ದರೆ, ಬಾಲದ ಬುಡ ಮೆತ್ತಗಿದ್ದರೆ ಕೊಬ್ಬು ಹೆಚ್ಚಾಗಿದೆಯೆಂದೇ ತಿಳಿಯಬೇಕು.

ಎರಡನೆಯದು ತೂಕ. ಕುದುರೆಯನ್ನು ತೂಗುವ ತಕ್ಕಡಿ ಹಳ್ಳಿಯಲ್ಲಿ ಎಲ್ಲಿಂದ ಬರಬೇಕು? ದರ್ಜಿಯ ಟೇಪು ಸಾಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರುಗಳಲ್ಲಿ ತೆಗೆದುಕೊಳ್ಳಬೇಕು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ತೂಕ ಹೆಚ್ಚುಕಡಿಮೆ ಕಿಲೋಗಳಲ್ಲಿ ದೊರೆಯುತ್ತದೆ. ಸುತ್ತಳತೆ 140, ಉದ್ದ 135 ಆದರೆ ತೂಕ ಸುಮಾರು 223 ಕಿಲೋ. ವಾರಕ್ಕೊಮ್ಮೆ ಅಳೆದು ಗೋಡೆಯ ಮೇಲೆ ಬರೆದಿಟ್ಟರೆ, ದಿನವೂ ನೋಡುವ ಕಣ್ಣಿಗೆ ತಪ್ಪಿದ ಬದಲಾವಣೆ ಅಂಕಿಗಳಲ್ಲಿ ಕಾಣುತ್ತದೆ. ಇಷ್ಟು ತೂಕದ ಕುದುರೆ ವಾರಕ್ಕೆ ಒಂದರಿಂದ ಎರಡು ಕಿಲೋ ಇಳಿದರೆ ಸಾಕು. ನೂರು ದಿನಗಳಲ್ಲಿ ಇಪ್ಪತ್ತು ಕಿಲೋದಷ್ಟು ಭಾರ ಗೊರಸುಗಳ ಮೇಲಿನಿಂದ ಇಳಿಯುತ್ತದೆ.

ಮೂರನೆಯದು ಮೇವು. ದುಡಿಯದ ಕುದುರೆಗೆ ಚಂದಿ ಬೇಡ. ಬೆಲ್ಲ, ಹಿಂಡಿ, ಕಬ್ಬಿನ ತುದಿ ಬೇಡವೇ ಬೇಡ. ದೇಹದ ತೂಕದ ನೂರಕ್ಕೆ ಒಂದೂವರೆ ಪಾಲಿನಷ್ಟು ಒಣ ಪದಾರ್ಥ ಸಾಕು. ನಾವು ಹೇಳಿದ ಕುದುರೆಗೆ ಇದು ದಿನಕ್ಕೆ 3.5ರಿಂದ 4 ಕಿಲೋ ಒಣಹುಲ್ಲು. ಹುಲ್ಲನ್ನು ಗಂಟೆಯ ಹೊತ್ತು ನೆರಳಿನಲ್ಲಿ ನೀರಲ್ಲಿ ನೆನೆಸಿ, ನೀರನ್ನು ಚೆಲ್ಲಿ ಹಾಕಿದರೆ ಸಕ್ಕರೆಯ ಅಂಶ ಒಂದಿಷ್ಟು ಇಳಿಯುತ್ತದೆ. ನಮ್ಮ ಬಿಸಿಲಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಅದು ಹುಳಿತುಹೋಗುತ್ತದೆ. ಲವಣಗಳೂ ಆ ನೀರಿನೊಡನೆ ಹೋಗುವುದರಿಂದ ಪಶುವೈದ್ಯರು ಹೇಳಿದ ಖನಿಜ ಮಿಶ್ರಣವನ್ನು ಮರೆಯಬಾರದು. ಇಷ್ಟನ್ನೂ ಒಮ್ಮೆಗೇ ಹಾಕದೆ ನಾಲ್ಕೈದು ಸಲ, ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ ತೂಗುಹಾಕಿದರೆ ಮೆಲ್ಲಲು ಹೊತ್ತು ಹಿಡಿಯುತ್ತದೆ. ಬರಿಹೊಟ್ಟೆಯಲ್ಲಿ ಬಹಳ ಹೊತ್ತು ನಿಂತ ಕುದುರೆಗೆ ಜಠರದಲ್ಲಿ ಹುಣ್ಣಾಗುವ ಭಯವಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಶಿವರಾತ್ರಿಯಿಂದ ಆರಂಭಿಸಬೇಕೆಂದೆನೇ ಹೊರತು ಶಿವರಾತ್ರಿಯ ಉಪವಾಸ ಮಾಡಿಸಬೇಕೆಂದು ಹೇಳಲಿಲ್ಲ. ಕೊಬ್ಬಿದ ಗಿಡ್ಡ ಕುದುರೆಯನ್ನೋ ಕತ್ತೆಯನ್ನೋ ಒಮ್ಮೆಲೇ ಹಸಿವಿಗೆ ಕೆಡವಿದರೆ, ಕೂಡಿಟ್ಟ ಕೊಬ್ಬೆಲ್ಲ ರಕ್ತಕ್ಕೆ ನುಗ್ಗಿ ಯಕೃತ್ತನ್ನು ಕೆಡಿಸಿ ಪ್ರಾಣಕ್ಕೇ ಎರವಾಗಬಹುದು. ಗಬ್ಬವಾದ ಕುದುರೆಗೆ ಈ ಅಪಾಯ ಇನ್ನೂ ಹೆಚ್ಚು. ಇಳಿಸುವುದೆಲ್ಲ ಮೆಲ್ಲಮೆಲ್ಲನೆ, ವೈದ್ಯರ ಸಲಹೆಯಂತೆಯೇ ಆಗಬೇಕು.

ನಾಲ್ಕನೆಯದು ದುಡಿಮೆ. ಕಾಲು ನೆಟ್ಟಗಿರುವ ಕುದುರೆಯನ್ನು ಬೆಳಗಿನ ತಂಪಿನಲ್ಲಿ ಅರ್ಧ ಗಂಟೆಯಿಂದ ಆರಂಭಿಸಿ ಬರಬರುತ್ತ ಹೆಚ್ಚು ಹೊತ್ತು ಚುರುಕಾಗಿ ನಡೆಸಬೇಕು. ಮುದಿ ಕುದುರೆಗೂ ಖಾಲಿ ಗಾಡಿ ಭಾರವಲ್ಲ. ಗೊರಸಿನ ನೋವಿದ್ದರೆ ಮಾತ್ರ ನಡೆಸಲೇಕೂಡದು. ದೇಸೂರಿನಲ್ಲಿ ನಾವು ಮಾಡಿದ ದೊಡ್ಡ ತಪ್ಪು ಅದೇ.

ಕೊನೆಗೆ ಮಳೆ ಬಂದಾಗ. ಅಡ್ಡಮಳೆಗೆ ಮೊಳೆತ ಹುಲ್ಲಿನಿಂದಲೇ ಎಚ್ಚರ ಆರಂಭವಾಗಬೇಕು. ಒಮ್ಮೆಗೇ ಬಯಲಿಗೆ ಬಿಡದೆ ಮೊದಲ ದಿನಗಳಲ್ಲಿ ಅಷ್ಟಿಷ್ಟೇ ಹೊತ್ತು ಮೇಯಿಸಬೇಕು. ಕಣದಲ್ಲಿ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುವುದನ್ನು ನಮ್ಮ ರೈತರು ಬಲ್ಲರು. ಉಸಿರಾಟಕ್ಕೂ ನೀರು ಕುಡಿಯಲಿಕ್ಕೂ ತೆರಪಿರುವ ಅಂಥದೇ ಕುಕ್ಕೆಯನ್ನು ಕುದುರೆಗೆ ಕಟ್ಟಿ ಬಿಟ್ಟರೆ ಮೇವು ಬಹಳಷ್ಟು ಕಡಿಮೆಯಾಗುತ್ತದೆ. ದಿನವೂ ಗೊರಸುಗಳನ್ನು ಮುಟ್ಟಿ ನೋಡಬೇಕು. ಗೊರಸು ಬಿಸಿಯಾಗಿದ್ದು ಅದರ ಮೇಲ್ಭಾಗದಲ್ಲಿ ನಾಡಿ ಬಲವಾಗಿ ಮಿಡಿಯುತ್ತಿದ್ದರೆ, ತಿರುಗುವಾಗ ಕುದುರೆ ಹಿಂಜರಿದರೆ, ಆ ದಿನವೇ ಪಶುವೈದ್ಯರನ್ನು ಕರೆಯಬೇಕು. ಅವರು ಬರುವವರೆಗೆ ಮೆತ್ತನೆಯ ನೆಲದಲ್ಲಿ ನಿಲ್ಲಿಸಿರಬೇಕು.

ಮಾವ ತೀರಿಕೊಂಡು ಬಹಳ ಕಾಲವಾಯಿತು. ಹಿತ್ತಿಲಲ್ಲಿ ಕುದುರೆ ಕಟ್ಟುತ್ತಿದ್ದ ಗೂಟ ಇನ್ನೂ ಇದೆ. ಆತ ಕುದುರೆಯನ್ನು ಪ್ರೀತಿಸಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಅದಕ್ಕೆ ಆಗ ಬೇಕಾಗಿದ್ದುದು ಒಂದು ಹಿಡಿ ಕಡಲೆಯಲ್ಲ. ದಿನಕ್ಕೊಮ್ಮೆ ಆತನ ಜೊತೆಯಲ್ಲಿ ನಿಲ್ದಾಣದವರೆಗೆ ಹೋಗಿಬರುವ ನಡಿಗೆ.