ಹಳೆಯ ಸ್ಪೋರ್ಟ್ಸ್ ಕಾರಿಗೆ ಮೂರನೆಯವರ ಕಣ್ಣು

ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಹೋದ ರೈತ ಬಾಯಿ ತೆರೆಸಿ ಹಲ್ಲು ನೋಡದೆ ಮುಂಗಡ ಕೊಡುವುದಿಲ್ಲ. ಮಾರುವವನು ಹೇಳುವ ವಯಸ್ಸಿಗಿಂತ ಹಲ್ಲು ಹೇಳುವ ವಯಸ್ಸಿನ ಮೇಲೆ ಅವನಿಗೆ ಹೆಚ್ಚು ನಂಬಿಕೆ. ಹಳೆಯ ಕಾರಿಗೆ ಹಲ್ಲಿಲ್ಲ. ತೊಳೆದು, ಪಾಲಿಶ್ ಮಾಡಿ ನಿಲ್ಲಿಸಿದರೆ ಒಳ್ಳೆಯದೂ ಕೆಟ್ಟದ್ದೂ ಒಂದೇ ರೀತಿ ಹೊಳೆಯುತ್ತವೆ. ಹಾಗಾದರೆ ಅದರ ಒಳಗನ್ನು ತಿಳಿಯುವುದು ಹೇಗೆ? ಪರದೆಯ ಮೇಲೆ ಬೇಗ ದಾಟಿಹೋದ ಈ ವಿಷಯವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಅಮೆರಿಕದ ಆಡುಮಾತಿನಲ್ಲಿ ಕೆಟ್ಟ ಕಾರಿಗೆ 'ನಿಂಬೆಹಣ್ಣು' ಎನ್ನುತ್ತಾರೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಈ ನಿಂಬೆಹಣ್ಣುಗಳ ಮಾರುಕಟ್ಟೆಯ ಬಗ್ಗೆಯೇ ಒಂದು ಪ್ರಬಂಧ ಬರೆದರು. ಅವರ ವಾದವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಳ್ಳೆಯ ಕಾರಿನ ನಿಜವಾದ ಬೆಲೆ 20,000 ಡಾಲರ್, ಕೆಟ್ಟದ್ದರದು 10,000 ಎಂದಿರಲಿ. ಯಾವುದು ಯಾವುದೆಂದು ಕೊಳ್ಳುವವನಿಗೆ ತಿಳಿಯದು. ಆದ್ದರಿಂದ ಅವನು 15,000ಕ್ಕೆ ಮೇಲೆ ಹೋಗುವುದಿಲ್ಲ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರುವುದಿಲ್ಲ, ಹಿಂದೆ ಸರಿಯುತ್ತಾನೆ. ಮಾರುಕಟ್ಟೆಯಲ್ಲಿ ಉಳಿಯುವುದು ಹುಳಿಯೇ! 2001ರಲ್ಲಿ ಅಕರ್ಲಾಫ್ ಅವರಿಗೆ ಇನ್ನಿಬ್ಬರೊಡನೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ ಈ ಅಂತರವನ್ನು ತುಂಬುವುದೇ ಸ್ವತಂತ್ರ ತಪಾಸಣೆಯ ಕೆಲಸ.

ಒಂದು ನಿಜವಾದ ಕಾರನ್ನೇ ತೆಗೆದುಕೊಳ್ಳೋಣ. ಜರ್ಮನಿಯ ಪೋರ್ಷೆ ಕಂಪೆನಿ 1996ರಲ್ಲಿ ಬಾಕ್ಸ್‌ಸ್ಟರ್ ಎಂಬ ಎರಡು ಸೀಟಿನ ಕಾರನ್ನು ಹೊರತಂದಿತು. ಅದರ ಆರು ಸಿಲಿಂಡರಿನ ಎಂಜಿನ್ನಿನೊಳಗೆ ಒಂದು ಮಧ್ಯದ ಶಾಫ್ಟು ಇದೆ. ಕವಾಟಗಳನ್ನು ತೆರೆದು ಮುಚ್ಚುವ ಸರಪಳಿಗಳಿಗೆ ಚಲನೆ ಸಿಗುವುದು ಇದರಿಂದ. ಶಾಫ್ಟಿನ ಒಂದು ತುದಿಯಲ್ಲಿ ಬಾಲ್ ಬೇರಿಂಗ್ ಇದೆ. ಅದು ಮುರಿದರೆ ಕವಾಟಗಳ ಲಯ ತಪ್ಪಿ ಪಿಸ್ಟನ್‌ಗಳಿಗೆ ಬಡಿಯುತ್ತವೆ. ಎಂಜಿನ್ ಕ್ಷಣಾರ್ಧದಲ್ಲಿ ಹಾಳು. ಎಲ್ಲ ಕಾರುಗಳಲ್ಲೂ ಹೀಗಾಗುವುದಿಲ್ಲ, ಬಹುಪಾಲು ಕಾರುಗಳು ಚೆನ್ನಾಗಿಯೇ ಓಡಿವೆ. ಆದರೂ 2001ರಿಂದ 2005ರವರೆಗಿನ ಕೆಲವು ಕಾರುಗಳ ವಿಚಾರ ಅಮೆರಿಕದ ನ್ಯಾಯಾಲಯಕ್ಕೆ ಹೋಗಿ 2013ರಲ್ಲಿ ರಾಜಿಯಾಯಿತು. ಹಳೆಯ ಬಾಕ್ಸ್‌ಸ್ಟರ್ ಈಗ ಅಗ್ಗ. ಎಂಜಿನ್ ಬದಲಿಸುವ ಖರ್ಚು ಕಾರಿನ ಬೆಲೆಯನ್ನೇ ಮೀರಬಹುದು. ತಪಾಸಣೆಗೆ ಅಲ್ಲಿ ತಗಲುವುದು ಕೆಲವು ನೂರು ಡಾಲರ್.

ತಪಾಸಣೆಯಲ್ಲಿ ಏನು ಮಾಡುತ್ತಾರೆ? ವಿಜ್ಞಾನದ ವಿದ್ಯಾರ್ಥಿಗಳಿಗೆ ಪ್ರಿಯವಾಗುವ ಭಾಗ ಇದು. ಮೊದಲು ಆಯಿಲ್ ಫಿಲ್ಟರನ್ನು ಬಿಚ್ಚಿ, ಅದರ ಕಾಗದದ ಮಡಿಕೆಗಳನ್ನು ಬಿಡಿಸಿ ನೋಡುತ್ತಾರೆ. ಲೋಹದ ಚೂರುಗಳು ಕಂಡರೆ ಅಯಸ್ಕಾಂತ ಹಿಡಿಯುತ್ತಾರೆ. ಅಂಟಿಕೊಂಡರೆ ಉಕ್ಕು, ಅಂದರೆ ಬೇರಿಂಗಿನ ಮೇಲೆ ಅನುಮಾನ. ಅಲ್ಯೂಮಿನಿಯಂ ಅಂಟುವುದಿಲ್ಲ. ಎಂಟನೆಯ ತರಗತಿಯ ಪ್ರಯೋಗ ಇಲ್ಲಿ ಸಾವಿರಾರು ಡಾಲರ್ ಉಳಿಸುತ್ತದೆ.

ಮುಂದೆ ಸೋರಿಕೆಯ ಪರೀಕ್ಷೆ. ಒಂದೊಂದೇ ಸಿಲಿಂಡರಿನ ಕವಾಟಗಳೆಲ್ಲ ಮುಚ್ಚಿರುವಾಗ ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಒತ್ತಡದ ಗಾಳಿ ತುಂಬಿ, ಶೇಕಡಾ ಎಷ್ಟು ಸೋರುತ್ತದೆ ಎಂದು ಅಳೆಯುತ್ತಾರೆ. ಬಳಿಕ ವೈದ್ಯರು ಸ್ಟೆತೊಸ್ಕೋಪ್ ಹಿಡಿದಂತೆ ಕಿವಿಗೊಡುವುದು. ಸೈಲೆನ್ಸರಿನಲ್ಲಿ ಬುಸುಗುಟ್ಟಿದರೆ ಹೊಗೆ ಹೊರಹಾಕುವ ಕವಾಟ ಸವೆದಿದೆ. ಆಯಿಲ್ ಹಾಕುವ ಬಾಯಿಯಲ್ಲಿ ಸದ್ದು ಬಂದರೆ ಪಿಸ್ಟನ್ ರಿಂಗ್. ರೇಡಿಯೇಟರ್ ನೀರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್.

ಬಣ್ಣದ ದಪ್ಪವನ್ನೂ ಅಳೆಯುತ್ತಾರೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಎರಡು ಕೂದಲೆಳೆಯಷ್ಟು. ಒಂದು ಬಾಗಿಲಿನಲ್ಲಿ ಮಾತ್ರ ಅದು 600 ಬಂದರೆ ಅಲ್ಲಿ ಟಿಂಕರಿಂಗ್ ನಡೆದು ಪುಟ್ಟಿ ಮೆತ್ತಿರಬೇಕು.

ಇನ್ನು ಕಂಪ್ಯೂಟರಿನ ಸಾಕ್ಷ್ಯ. ಮೂರನೆಯ ಗೇರಿನಿಂದ ನಾಲ್ಕಕ್ಕೆ ಹಾಕಲು ಹೋಗಿ ಕೈತಪ್ಪಿ ಎರಡಕ್ಕೆ ಹಾಕಿದರೆ ಚಕ್ರಗಳೇ ಎಂಜಿನ್ನನ್ನು ಮಿತಿಮೀರಿ ತಿರುಗಿಸುತ್ತವೆ. ಇಂಧನ ನಿಲ್ಲಿಸುವ ರಕ್ಷಣಾ ವ್ಯವಸ್ಥೆ ಆಗ ಏನೂ ಮಾಡಲಾರದು. ಪೋರ್ಷೆಯ ಬಹಳಷ್ಟು ಕಾರುಗಳಲ್ಲಿ ಇಂಥ ವೇಗದಲ್ಲಿ ಎಷ್ಟು ಕಿಡಿ ಹಾರಿತು ಎಂಬುದು ದಾಖಲಾಗುತ್ತದೆ. ಆರು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 7,200 ಸುತ್ತು ತಿರುಗುವಾಗ ಸೆಕೆಂಡಿಗೆ 120 ಸುತ್ತು, ಸುತ್ತಿಗೆ 3 ಕಿಡಿಯಂತೆ 360 ಕಿಡಿ. ದಾಖಲೆಯಲ್ಲಿ 90 ಎಂದಿದ್ದರೆ ಅದು ಕಾಲು ಸೆಕೆಂಡಿನ ಕೈತಪ್ಪು. ಸಾವಿರಗಟ್ಟಲೆ ಇದ್ದರೆ ಕಾರನ್ನು ಮಾರುವವನ ಕೈಗೇ ಬಿಡುವುದು ಲೇಸು. ಎಂಜಿನ್ ಓಡಿದ ಒಟ್ಟು ಗಂಟೆಗಳೂ ಅಲ್ಲೇ ಇರುತ್ತವೆ. ಮೀಟರ್ 90,000 ಕಿಲೋಮೀಟರ್ ತೋರಿಸಿ, ಗಂಟೆಗಳು 4,500 ಎಂದಾದರೆ ಸರಾಸರಿ ವೇಗ ಗಂಟೆಗೆ 20 ಕಿ.ಮೀ. ಸ್ಪೋರ್ಟ್ಸ್ ಕಾರನ್ನು ಎತ್ತಿನಗಾಡಿಯಂತೆ ಓಡಿಸಿದರೇ, ಅಥವಾ ಮೀಟರನ್ನೇ ಹಿಂದಕ್ಕೆ ತಿರುಗಿಸಿದರೇ? ಕೇಳಲೇಬೇಕು.

ಇಷ್ಟೆಲ್ಲ ಉಪಕರಣಗಳಿದ್ದರೂ ಅವನ್ನು ಹಿಡಿದ ಕೈ ಯಾರದು ಎಂಬುದು ಹೆಚ್ಚು ಮುಖ್ಯ. ಮೆಕ್ಯಾನಿಕ್ಕನ್ನು ಆರಿಸುವವರೂ ಹಣ ಕೊಡುವವರೂ ಕೊಳ್ಳುವವರೇ ಆಗಿರಬೇಕು. ಆ ಕಾರನ್ನು ವರ್ಷಗಟ್ಟಲೆ ಸರ್ವಿಸ್ ಮಾಡಿದ ಗ್ಯಾರೇಜು ಬೇಡ. ತನ್ನ ಕೆಲಸಕ್ಕೆ ತಾನೇ ಅಂಕ ಕೊಟ್ಟಂತಾಗುತ್ತದೆ. ಮುಂದೆ ರಿಪೇರಿ ತನಗೇ ಸಿಗಬಹುದೆಂಬ ಆಸೆಯಿಂದ ದೋಷವನ್ನು ದೊಡ್ಡದು ಮಾಡುವವರೂ ಉಂಟು. ಮುಂಗಡ ಕೊಡುವ ಮೊದಲೇ ತಪಾಸಣೆ ಮುಗಿಯಬೇಕು. ಕಾರನ್ನು ಬೇರೆ ಗ್ಯಾರೇಜಿಗೆ ಒಯ್ಯಲು ಮಾರುವವರು ಒಪ್ಪದಿದ್ದರೆ, ಒಂದು ಬೋಲ್ಟನ್ನೂ ಸಡಿಲಿಸದೆ ಕೊಳ್ಳುವವರಿಗೆ ಮಾಹಿತಿ ಸಿಕ್ಕಂತೆ.

ಮಿತಿಯೂ ಇದೆ. ಆ ಬೇರಿಂಗನ್ನು ಗೇರ್‌ಬಾಕ್ಸ್ ಇಳಿಸದೆ ಕಣ್ಣಾರೆ ನೋಡಲಾಗದು. ಸಾಧಾರಣ ತಪಾಸಣೆಯಲ್ಲಿ ಯಾರೂ ಅಷ್ಟು ಬಿಚ್ಚುವುದಿಲ್ಲ. ಫಿಲ್ಟರ್ ಇಂದು ಶುಭ್ರವಾಗಿದೆ ಎಂದರೆ ಇಂದಿನವರೆಗೆ ಚೂರು ಬಿದ್ದಿಲ್ಲ ಎಂದಷ್ಟೇ ಅರ್ಥ. ಆದ್ದರಿಂದ ಒಳ್ಳೆಯ ಮೆಕ್ಯಾನಿಕ್ ಎಲ್ಲ ಪರೀಕ್ಷೆಗಳ ಬಳಿಕ ಹಳೆಯ ಬಿಲ್ಲುಗಳನ್ನು ಕೇಳುತ್ತಾನೆ: ಬೇರಿಂಗ್ ಬದಲಾಗಿದೆಯೇ, ಯಾವ ವರ್ಷ, ಎಷ್ಟು ಕಿಲೋಮೀಟರಿನಲ್ಲಿ?