ಸಿ ಭಾಷೆಯಲ್ಲಿ ಪದಗಳ ಜೋಡಣೆ: ‘ಸೇಡಂ ರಸ್ತೆ’ಯ ನಿದರ್ಶನ

ಕಲಬುರಗಿಯಿಂದ ಮಳಖೇಡದ ಮೇಲೆ ಸೇಡಂ ಪಟ್ಟಣಕ್ಕೆ ಹೋಗುವ ಹಾದಿಯನ್ನು ನಗರದಲ್ಲಿ ‘ಸೇಡಂ ರಸ್ತೆ’ ಎಂದು ಕರೆಯುವುದು ರೂಢಿ. ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ಇರುವುದೂ ಈ ರಸ್ತೆಯಲ್ಲಿಯೇ. ಈ ಎರಡು ಪದಗಳನ್ನು ಕೂಡಿಸಿ ಬರೆಯಲು ನಾವು ಕ್ಷಣವೂ ಯೋಚಿಸುವುದಿಲ್ಲ. ಆದರೆ ಸಿ ಭಾಷೆಯಲ್ಲಿ ರಚಿತವಾದ ಕ್ರಮವಿಧಿಯೊಂದು ಇದೇ ಕೆಲಸವನ್ನು ಮಾಡುವಾಗ ಎಚ್ಚರ ತಪ್ಪಿದರೆ ಪಠ್ಯವೇ ಕೆಡುತ್ತದೆ. ನಿಘಂಟು, ಶಾಸನಸೂಚಿ, ಸ್ಥಳನಾಮಕೋಶಗಳು ಗಣಕಕ್ಕೆ ಸೇರುತ್ತಿರುವ ಈ ಕಾಲದಲ್ಲಿ ಕನ್ನಡದ ಸಂಶೋಧಕರೂ ಈ ವಿಷಯವನ್ನು ಅರಿತಿರುವುದು ಅಗತ್ಯ. ಅದರ ಸ್ವರೂಪವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಡೆನಿಸ್ ರಿಚಿ ಅವರು 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ ಸಿ ಭಾಷೆಯಲ್ಲಿ ಪಠ್ಯವೆಂದರೆ ಸಾಲಾಗಿ ಇಟ್ಟ ಬೈಟುಗಳು, ಕೊನೆಯಲ್ಲಿ ಒಂದು ಶೂನ್ಯ ಬೈಟು. ಪಠ್ಯ ಎಲ್ಲಿ ಮುಗಿಯಿತೆಂಬುದನ್ನು ಆ ಶೂನ್ಯವೊಂದೇ ಸೂಚಿಸುತ್ತದೆ. ಪಠ್ಯದ ಉದ್ದವಾಗಲಿ, ಅದಕ್ಕೆಂದು ಮೀಸಲಿಟ್ಟ ಸ್ಥಳದ ಅಳತೆಯಾಗಲಿ ಅದರೊಡನೆ ದಾಖಲಾಗಿರುವುದಿಲ್ಲ. ಎರಡು ಪಠ್ಯಗಳನ್ನು ಜೋಡಿಸುವ ಸ್ಟ್ರ್‌ಕ್ಯಾಟ್ ಎಂಬ ಫಂಕ್ಷನ್ ಮೊದಲ ಪಠ್ಯದ ಶೂನ್ಯವನ್ನು ಹುಡುಕಿ, ಅದನ್ನು ಅಳಿಸಿ, ಅಲ್ಲಿಂದಲೇ ಎರಡನೆಯದನ್ನು ಬರೆಯತೊಡಗುತ್ತದೆ. ‘ಊರು’ ಮತ್ತು ‘ಅಲ್ಲಿ’ ಕೂಡಿ ‘ಊರಲ್ಲಿ’ ಆಗುವಾಗ ಪೂರ್ವಪದದ ಕೊನೆಯ ಸ್ವರ ಲೋಪವಾಗುವಂತೆ ಇಲ್ಲಿ ಶೂನ್ಯದ ಲೋಪವಾಗುತ್ತದೆ ಎನ್ನಬಹುದು. ಆದರೆ ವ್ಯಾಕರಣದ ಸಂಧಿಗೆ ನಿಯಮಗಳ ಕಟ್ಟಿದೆ. ಸ್ಟ್ರ್‌ಕ್ಯಾಟ್‌ಗೆ ಸ್ಥಳದ ಮಿತಿಯೇ ತಿಳಿಯದು.

ಈಗ ಲೆಕ್ಕವನ್ನು ನೋಡೋಣ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟುಗಳು ಬೇಕು. ವ್ಯಂಜನ, ಸ್ವರಚಿಹ್ನೆ, ಅನುಸ್ವಾರ, ಹಲಂತಚಿಹ್ನೆ ಇವೆಲ್ಲವೂ ಬೇರೆ ಬೇರೆ ಸಂಕೇತಗಳು. ‘ಸೇಡಂ’ ಪದದಲ್ಲಿ ಸಾಮಾನ್ಯವಾಗಿ 4 ಸಂಕೇತಗಳು, ಅಂದರೆ 12 ಬೈಟು. ‘ರಸ್ತೆ’ಯಲ್ಲಿ 5 ಸಂಕೇತಗಳು, 15 ಬೈಟು. ನಡುವಣ ತೆರಪಿಗೆ 1, ಕೊನೆಯ ಶೂನ್ಯಕ್ಕೆ 1. ಒಟ್ಟು 29. ಕಣ್ಣಿಗೆ ಕಾಣುವ ಅಕ್ಷರಗಳಾದರೋ ನಾಲ್ಕೇ. ‘ನಾಲ್ಕು ಅಕ್ಷರಕ್ಕೆ 20 ಬೈಟು ಧಾರಾಳ’ ಎಂದು ಭಾವಿಸಿ ಸ್ಟ್ರ್‌ಕ್ಯಾಟ್ ಬಳಸಿದರೆ 9 ಬೈಟುಗಳು ಮಿತಿಯಾಚೆಗೆ ಹೋಗಿ ಪಕ್ಕದ ದತ್ತಾಂಶವನ್ನು ಕೆಡಿಸಬಹುದು. ಇದು ಕೇವಲ ಊಹೆಯಲ್ಲ. 1988ರ ನವೆಂಬರಿನಲ್ಲಿ ಅಂತರಜಾಲದ ಸಹಸ್ರಾರು ಗಣಕಗಳನ್ನು ಕಂಗೆಡಿಸಿದ ಮೋರಿಸ್ ವರ್ಮ್ ಬಳಸಿಕೊಂಡ ದಾರಿಗಳಲ್ಲೊಂದು ಇಂತಹ ಮಿತಿಮೀರಿದ ಬರೆಹವೇ ಆಗಿತ್ತು. ಅದಕ್ಕೆ ಎಡೆಗೊಟ್ಟ ಗೆಟ್ಸ್ ಎಂಬ ಫಂಕ್ಷನ್ನನ್ನು 2011ರ ಸಿ ಮಾನಕದಿಂದ ಕೈಬಿಡಲಾಯಿತು.

ಪರಿಹಾರವೆಂದು ಹಲವರು ಸ್ಟ್ರ್‌ಎನ್‌ಕ್ಯಾಟ್ ಬಳಸುತ್ತಾರೆ. ಇದಕ್ಕೆ ಕೊಡುವ ಸಂಖ್ಯೆ ಒಟ್ಟು ಸ್ಥಳದ ಅಳತೆಯಲ್ಲ. ಎರಡನೆಯ ಪಠ್ಯದಿಂದ ಹೆಚ್ಚೆಂದರೆ ಎಷ್ಟು ಬೈಟುಗಳನ್ನು ತೆಗೆದುಕೊಳ್ಳಬೇಕೆಂಬ ಮಿತಿ. ಶೂನ್ಯ ಅದರ ಮೇಲೆ ಬೇರೆಯಾಗಿ ಸೇರುತ್ತದೆ. ಒಟ್ಟು ಸ್ಥಳ 20, ‘ಸೇಡಂ’ ಮತ್ತು ತೆರಪಿಗೆ 13 ಬೈಟು ಆಗಲೇ ಸಂದಿದ್ದರೆ, ಕೊಡಬೇಕಾದ ಸಂಖ್ಯೆ 20 ಅಲ್ಲ, 6.

ಹಾಗೆ ಸರಿಯಾಗಿ 6 ಎಂದು ಕೊಟ್ಟಾಗ ಆಗುವುದೇನು? ‘ರ’ಕಾರಕ್ಕೆ 3, ‘ಸ’ಕಾರಕ್ಕೆ 3; ಅಲ್ಲಿಗೆ ಸ್ಥಳ ಮುಗಿಯಿತು. ಫಲಿತಾಂಶ ‘ಸೇಡಂ ರಸ’! ರಸ್ತೆ ಹೋಗಿ ರಸವಾಯಿತು. ಸ್ಮೃತಿಕೋಶಕ್ಕೆ ಅಪಾಯವಾಗಲಿಲ್ಲ, ಸಂಕೇತವೂ ನಡುವೆ ಒಡೆಯಲಿಲ್ಲ. ಆದರೂ ಅರ್ಥ ಕೆಟ್ಟಿತು. ಬೈಟುಗಳ ಸಿಂಧುತ್ವವನ್ನಷ್ಟೇ ಪರೀಕ್ಷಿಸುವ ಯಾವ ಕ್ರಮವೂ ಈ ದೋಷವನ್ನು ಹಿಡಿಯಲಾರದು. ಒಡೆದ ಅಕ್ಷರವಾದರೆ ಓದುಗನ ಕಣ್ಣಿಗೆ ಬೀಳುತ್ತದೆ. ‘ರಸ’ ಎಂಬುದು ಸ್ವತಃ ಪದವಾದ್ದರಿಂದ ಕೋಶದಲ್ಲಿ ನಿಶ್ಶಬ್ದವಾಗಿ ಉಳಿದುಬಿಡುತ್ತದೆ. ಗಣಕದ ದೃಷ್ಟಿಯ ಸುರಕ್ಷತೆಗಿಂತ ಪಠ್ಯದ ದೃಷ್ಟಿಯ ಸುರಕ್ಷತೆ ಬೇರೆಯಾದುದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದ್ದರಿಂದ ಕತ್ತರಿಸುವುದಕ್ಕಿಂತ ಮೊದಲೇ ಅಳೆಯುವುದು ಲೇಸು. 1999ರ ಮಾನಕದಲ್ಲಿ ಸೇರಿದ ಎಸ್‌ಎನ್‌ಪ್ರಿಂಟ್‌ಎಫ್ ಫಂಕ್ಷನ್ ಇದಕ್ಕೆ ಅನುಕೂಲವಾಗಿದೆ. ಅದಕ್ಕೆ ಒಟ್ಟು ಸ್ಥಳದ ಅಳತೆಯನ್ನೇ ಕೊಡಬೇಕು. ಅದು ಆ ಮಿತಿಯನ್ನು ಮೀರದೆ ಬರೆದು, ಪೂರ್ಣ ಪಠ್ಯಕ್ಕೆ ಶೂನ್ಯವನ್ನು ಬಿಟ್ಟು ಎಷ್ಟು ಬೈಟುಗಳು ಬೇಕಾಗಿದ್ದವೆಂಬುದನ್ನು ಹಿಂದಿರುಗಿಸುತ್ತದೆ. ನಮ್ಮ ನಿದರ್ಶನದಲ್ಲಿ ಆ ಉತ್ತರ 28. ಉತ್ತರ ಋಣಸಂಖ್ಯೆಯಾಗಿದ್ದರೆ ದೋಷ ಸಂಭವಿಸಿದೆ ಎಂದರ್ಥ. ಸ್ಥಳದ ಅಳತೆಗೆ ಸಮ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಪಠ್ಯ ತುಂಡಾಗಿದೆ ಎಂದರ್ಥ. ಆಗ ಒಂದು ಸೇರಿಸಿ 29 ಬೈಟುಗಳ ಹೊಸ ಸ್ಥಳವನ್ನು ಕೇಳಿ ಪಡೆದು, ಅದು ದೊರೆಯಿತೆಂದು ಖಚಿತಪಡಿಸಿಕೊಂಡು, ಮತ್ತೆ ಬರೆಯಬೇಕು. ಸ್ಥಳ ದೊರೆಯದಿದ್ದರೆ ಕೆಲಸವನ್ನು ನಿಲ್ಲಿಸಿ ಬಳಕೆದಾರನಿಗೆ ತಿಳಿಸಬೇಕೇ ಹೊರತು ತುಂಡು ಪಠ್ಯವನ್ನು ಕೋಶಕ್ಕೆ ಸೇರಿಸಬಾರದು.

ಹಸ್ತಪ್ರತಿಯಲ್ಲಿ ಓಲೆ ಮುರಿದು ಅಕ್ಷರಗಳು ಲುಪ್ತವಾದ ಕಡೆ ಸಂಪಾದಕನು ಚುಕ್ಕಿಗಳನ್ನಿಟ್ಟು ಅದನ್ನು ಸೂಚಿಸುತ್ತಾನೆ. ಗ್ರಂಥಪಾತವನ್ನು ಮರೆಮಾಚದಿರುವುದು ಸಂಪಾದನಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಕನ್ನಡ ಪಠ್ಯವನ್ನು ನಿರ್ವಹಿಸುವ ಕ್ರಮವಿಧಿಗೂ ಇದೇ ಪಾಠ ಅನ್ವಯಿಸುತ್ತದೆ.