ಉಮೇದುವಾರರೂ ಪ್ರಶ್ನೆ ಕೇಳಲಿ

ಸಂದರ್ಶನದ ಕೊನೆಯಲ್ಲಿ ಯಜಮಾನರು ಒಂದು ಮಾತು ಕೇಳುವ ಪದ್ಧತಿಯುಂಟು: “ನಮ್ಮನ್ನು ಕೇಳಬೇಕಾದುದೇನಾದರೂ ಇದೆಯೆ?” ನಮ್ಮ ತರುಣರಲ್ಲಿ ಬಹುಮಂದಿ “ಏನೂ ಇಲ್ಲ, ಸಾರ್” ಎಂದು ಕೈಮುಗಿದು ಎದ್ದು ಬರುತ್ತಾರೆ. ಇದನ್ನು ವಿನಯವೆಂದು ಮನೆಯ ಹಿರಿಯರು ಮೆಚ್ಚಬಹುದು. ಬೇರೆ ಉದ್ಯೋಗಗಳಲ್ಲಿ ಇದರಿಂದ ಹೆಚ್ಚಿನ ಹಾನಿಯಾಗದೆಯೂ ಇರಬಹುದು. ಗುಮಾಸ್ತೆಗೆ ಲೆಕ್ಕದ ಪುಸ್ತಕ ಎಲ್ಲಿ ಹೋದರೂ ಒಂದೇ. ಆದರೆ ಮಾರಾಟ ಮತ್ತು ಪ್ರಚಾರದ ವೃತ್ತಿಗೆ, ಅಂದರೆ ಈಗ ಎಲ್ಲರೂ ಮಾರ್ಕೆಟಿಂಗ್ ಎಂದು ಕರೆಯುವ ವೃತ್ತಿಗೆ ಹೋಗುವವರು ಹೀಗೆ ಮೌನದಿಂದ ಎದ್ದು ಬರುವುದು ದೊಡ್ಡ ಅಜಾಗರೂಕತೆ. ಅವರು ಮಾರುವ ಸರಕು ಯಜಮಾನನದು. ಅದಕ್ಕೆ ಒತ್ತೆಯಿಡುವ ಮಾತು ಮಾತ್ರ ಅವರ ಸ್ವಂತದ್ದು.

ಈ ವಿಷಯದಲ್ಲಿ ನಮಗೆ ಪಾಠ ಹೇಳಿದವನು ಒಬ್ಬ ಹುಡುಗ. ಕೆಲವು ವರ್ಷಗಳ ಹಿಂದೆ ಪತ್ರಿಕೆಗೆ ಜಾಹೀರಾತು ಸಂಗ್ರಹಿಸುವ ಕೆಲಸಕ್ಕಾಗಿ ಬಂದಿದ್ದ. ಅವನ ಊರು, ಓದು, ಹಿಂದಿನ ನೌಕರಿ ಎಲ್ಲವನ್ನೂ ನಾವು ವಿಚಾರಿಸಿ ಮುಗಿಸಿದ ಮೇಲೆ ಅವನು, “ತಮ್ಮ ಪತ್ರಿಕೆ ದಿನಕ್ಕೆ ಎಷ್ಟು ಪ್ರತಿ ಅಚ್ಚಾಗುತ್ತದೆ, ಸಾರ್? ಅದರಲ್ಲಿ ಮಾರಾಟವಾಗದೆ ಎಷ್ಟು ಹಿಂದಿರುಗುತ್ತದೆ?” ಎಂದು ಕೇಳಿದ. ನಾವು ವಾಡಿಕೆಯಂತೆ ದುಂಡಾದ ಸಂಖ್ಯೆಯೊಂದನ್ನು ಹೇಳಿದೆವು. “ಅದನ್ನು ಪರಿಶೋಧಕರು ದೃಢಪಡಿಸಿದ್ದಾರೆಯೆ? ನಾಳೆ ಅಂಗಡಿಯವರು ಕೇಳುವುದು ನನ್ನನ್ನು” ಎಂದ. ಪತ್ರಿಕೆಗಳ ಪ್ರಸಾರವನ್ನು ಪರೀಕ್ಷಿಸುವುದಕ್ಕಾಗಿಯೇ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್ ಎಂಬ ಸಂಸ್ಥೆ ನಮ್ಮ ದೇಶದಲ್ಲಿ 1948ರಲ್ಲಿಯೇ ಸ್ಥಾಪಿತವಾದುದು ನಮಗೆ ತಿಳಿಯದ ಸಂಗತಿಯಲ್ಲ. ನಾವು ಉತ್ತರ ಕೊಡಲಿಲ್ಲ. ಅವನನ್ನು ಅಧಿಕಪ್ರಸಂಗಿಯೆಂದು ಬಗೆದು ಬೇರೊಬ್ಬನನ್ನು ನೇಮಿಸಿಕೊಂಡೆವು. ಆ ಬೇರೊಬ್ಬನು ನಮ್ಮ ಸಂಖ್ಯೆಯನ್ನೇ ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಆರು ತಿಂಗಳೊಳಗೆ ಜವಳಿ ವರ್ತಕರೊಬ್ಬರು ಪತ್ರಿಕೆ ಹಂಚುವ ಏಜೆಂಟರನ್ನೇ ವಿಚಾರಿಸಿ ನಿಜವನ್ನು ತಿಳಿದುಕೊಂಡಾಗ, ಅವರ ಅಂಗಡಿಯಲ್ಲಿ ನಾಲ್ಕು ಜನರ ಎದುರಿಗೆ ಅವನು ತಲೆ ತಗ್ಗಿಸಿ ನಿಲ್ಲಬೇಕಾಯಿತು. ಸಂಖ್ಯೆ ನಮ್ಮದು, ಅವಮಾನ ಅವನದು. ಅವನು ಕೆಲಸ ಬಿಟ್ಟುಹೋದ. ತಡೆಯುವ ಮುಖ ನಮಗಿರಲಿಲ್ಲ.

ಆದುದರಿಂದ ಮೊದಲನೆಯ ಪ್ರಶ್ನೆ ಸರಕನ್ನು ಕುರಿತದ್ದಾಗಿರಲಿ. ಒಮ್ಮೆ ಕೊಂಡ ಗಿರಾಕಿ ಮತ್ತೆ ಬರುತ್ತಾನೆಯೆ? ಬಾರದವನು ಯಾವ ಕಾರಣ ಹೇಳುತ್ತಾನೆ? ಜಾಹೀರಾತಿನಲ್ಲಿ ಹೇಳುವ ಗುಣಗಳಿಗೆ ಪರೀಕ್ಷೆಯ ಆಧಾರವುಂಟೆ? ಇದು ಕೇವಲ ಧರ್ಮಸೂಕ್ಷ್ಮದ ಮಾತಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕನ ಮೇಲೆ 10 ಲಕ್ಷ ರೂಪಾಯಿಗಳವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದಾಗಿದೆ. ಔಷಧ ಕಂಪನಿಗೆ ಹೋಗುವವರು ಇನ್ನೊಂದನ್ನೂ ಕೇಳಬೇಕು. ವೈದ್ಯರಿಗೆ ಉಡುಗೊರೆ, ಪ್ರವಾಸ ಮೊದಲಾದವನ್ನು ಒದಗಿಸಕೂಡದೆಂದು ಕೇಂದ್ರ ಸರಕಾರದ ಔಷಧ ಇಲಾಖೆ 2024ರ ಮಾರ್ಚಿಯಲ್ಲಿ ಸಂಹಿತೆಯೊಂದನ್ನು ಹೊರಡಿಸಿದೆ. ಅದನ್ನು ಈ ಕಂಪನಿಯಲ್ಲಿ ಹೇಗೆ ಪಾಲಿಸುತ್ತಾರೆಂದು ಕೇಳಿದಾಗ ಯಜಮಾನರು ನಕ್ಕರೆ, ಆ ನಗೆಯೇ ಉತ್ತರ.

ಎರಡನೆಯದು ಅಧಿಕಾರದ ಪ್ರಶ್ನೆ. ಮೆಕಾರ್ಥಿ ಎಂಬ ಅಮೆರಿಕದ ಅಧ್ಯಾಪಕರು 1960ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ವೃತ್ತಿಯ ನಾಲ್ಕು ಅಂಗಗಳು ಪ್ರಸಿದ್ಧವಾದುವು: ಸರಕು, ಬೆಲೆ, ಸರಕು ದೊರೆಯುವ ಸ್ಥಳ, ಪ್ರಚಾರ. ಇವುಗಳಲ್ಲಿ ಎಷ್ಟು ತನ್ನ ಕೈಯಲ್ಲಿರುವುವೆಂದು ಉಮೇದುವಾರನು ಕೇಳಬೇಕು. ಅನೇಕ ಕಡೆ ಬೆಲೆಯನ್ನು ಯಜಮಾನರ ಅಳಿಯಂದಿರು ನಿರ್ಣಯಿಸುತ್ತಾರೆ, ಸರಕನ್ನು ಕಾರ್ಖಾನೆಯವರು ನಿರ್ಣಯಿಸುತ್ತಾರೆ. ದೊಡ್ಡ ಬಿರುದು ಹೊತ್ತು ಬಂದವನಿಗೆ ಉಳಿಯುವುದು ಕರಪತ್ರದ ಬಣ್ಣ. ಆದರೆ ಮಾರಾಟ ಕುಸಿದಾಗ ನಾಲ್ಕಕ್ಕೂ ಉತ್ತರ ಹೇಳಬೇಕಾದವನು ಅವನೇ.

ಇದಕ್ಕೆ ಹೊಂದಿಕೊಂಡೇ ಅಳತೆಗೋಲಿನ ಪ್ರಶ್ನೆ ಬರುತ್ತದೆ. ತರುಣರು ಹೆಚ್ಚಾಗಿ ಮೋಸಹೋಗುವುದು ಇಲ್ಲಿ. ಮಾರಾಟವೆಂದರೆ ಯಾವುದು? ಕಂಪನಿಯು ಸಗಟು ವರ್ತಕರಿಗೆ ಕಳುಹಿಸಿದ ಸರಕೋ, ಅಂಗಡಿಯಿಂದ ಗಿರಾಕಿಯ ಮನೆಗೆ ಹೋದ ಸರಕೋ? ಮೊದಲನೆಯದನ್ನೇ ಅಳೆಯುವ ಕಂಪನಿಯಲ್ಲಿ ತಿಂಗಳ ಕೊನೆಯ ಮೂರು ದಿನ ಬೇಡವೆಂದರೂ ಪೆಟ್ಟಿಗೆಗಳನ್ನು ವರ್ತಕರ ಮಳಿಗೆಗೆ ತುಂಬುತ್ತಾರೆ. ಲೆಕ್ಕದಲ್ಲಿ ಗುರಿ ಮುಟ್ಟುತ್ತದೆ, ಮೇಲಿನವರು ಸಂತೋಷಪಡುತ್ತಾರೆ. ಮುಂದಿನ ತಿಂಗಳು ಅದೇ ಪೆಟ್ಟಿಗೆಗಳು ಹಿಂದಿರುಗುವಾಗ, ತುಂಬಿದವನು ಬಡ್ತಿ ಪಡೆದು ಬೇರೆ ಜಿಲ್ಲೆಗೆ ಹೋಗಿರುತ್ತಾನೆ. ಹೊಸದಾಗಿ ಬಂದವನು ವರ್ತಕರ ಬೈಗುಳಕ್ಕೆ ಈಡಾಗುತ್ತಾನೆ. ತನ್ನ ಪ್ರಾಂತದ ವರ್ತಕರಲ್ಲಿ ಈಗ ಎಷ್ಟು ದಿನದ ದಾಸ್ತಾನಿದೆಯೆಂದು ಕೇಳಿದರೆ ಸಾಕು, ಬೇಕಾದುದೆಲ್ಲ ಹೊರಬೀಳುತ್ತದೆ. ಹಿಂದೆ ಈ ಸ್ಥಾನದಲ್ಲಿದ್ದವರು ಏಕೆ ಬಿಟ್ಟರೆಂಬುದನ್ನೂ ಕೇಳಿ, ಸಾಧ್ಯವಾದರೆ ಅವರನ್ನೇ ಕಂಡುಬರುವುದು ಲೇಸು.

ಸಂಬಳದ ಮಾತನ್ನು ಸಂಕೋಚದಿಂದ ಬಿಡುವವರುಂಟು. ಮೊತ್ತಕ್ಕಿಂತ ಅದನ್ನು ಲೆಕ್ಕ ಹಾಕುವ ಬಗೆಯನ್ನು ಕೇಳಬೇಕು. ಕಮಿಷನ್ ಸಲ್ಲುವುದು ಆರ್ಡರು ಬಂದಾಗಲೋ, ಹಣ ವಸೂಲಾದಾಗಲೋ? ಸರಕು ಹಿಂದಿರುಗಿದರೆ ಅದನ್ನು ಕಡಿದುಕೊಳ್ಳುತ್ತಾರೆಯೆ? ವರ್ಷದ ನಡುವೆ ಗುರಿಯನ್ನು ಏರಿಸುವುದುಂಟೆ? ಇದೆಲ್ಲ ಕಾಗದದಲ್ಲಿ ಬರಲಿ. 1976ರ ಮಾರಾಟ ಪ್ರೋತ್ಸಾಹಕ ನೌಕರರ ಕಾಯಿದೆಯು ಔಷಧ ಪ್ರತಿನಿಧಿಗಳಿಗೆ ನೇಮಕಪತ್ರ ಕೊಡಬೇಕೆಂದು ವಿಧಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಅದು ಲೀನವಾಗಿ, ನೇಮಕಪತ್ರವು ಇತರ ನೌಕರರಿಗೂ ಸಲ್ಲತಕ್ಕದ್ದೆಂದಾಗಿದೆ.

ಇಷ್ಟೆಲ್ಲ ಕೇಳಿದರೆ ಕೆಲಸ ಸಿಕ್ಕೀತೆ ಎಂದು ವಾಚಕರು ಶಂಕಿಸಬಹುದು. ಕೆಲವು ಕಡೆ ಸಿಗಲಾರದು. ನಮ್ಮಲ್ಲಿಯೇ ಸಿಗಲಿಲ್ಲವೆಂದು ಮೇಲೆ ಒಪ್ಪಿಕೊಂಡಿದ್ದೇವೆ. ಓದಿನ ಸಾಲ ಹೆಗಲ ಮೇಲಿರುವವನಿಗೆ ನಾಲ್ಕು ಕಡೆ ನೋಡಿ ಆರಿಸುವ ಅನುಕೂಲವಿಲ್ಲವೆಂಬುದನ್ನೂ ಬಲ್ಲೆವು. ಅಂಥವನು ಎಲ್ಲವನ್ನೂ ಕೇಳದಿದ್ದರೂ, ಹಿಂದಿದ್ದವರು ಏಕೆ ಹೋದರು, ಕಮಿಷನ್ ಯಾವಾಗ ಸಲ್ಲುತ್ತದೆ ಎಂಬ ಎರಡನ್ನಾದರೂ ಕೇಳಲಿ. ಇವೆರಡಕ್ಕೆ ಮುನಿಯುವ ಯಜಮಾನನು ಮೊದಲ ಸಂಬಳದ ದಿನವೂ ಮುನಿಯುವನು.

ನಮ್ಮ ಕಚೇರಿಯಲ್ಲಿ ಈಗ ಹಿಂದಿರುಗಿದ ಪ್ರತಿಗಳ ಲೆಕ್ಕವನ್ನು ಉಮೇದುವಾರರ ಮುಂದಿಟ್ಟು ಸಂದರ್ಶನವನ್ನು ಆರಂಭಿಸುತ್ತೇವೆ. ಕಳೆದ ಸಲ ಬಂದಿದ್ದ ಮೂವರಲ್ಲಿ ಇಬ್ಬರು ಅದನ್ನು ನೋಡಿ ಹಾಗೆಯೇ ಪಕ್ಕಕ್ಕೆ ಸರಿಸಿದರು. ಮೂರನೆಯವಳಾದ ತರುಣಿ ತಾಲ್ಲೂಕುವಾರು ಓದಿ, ಮಳೆಗಾಲದಲ್ಲಿ ಈ ಸಂಖ್ಯೆ ಏಕೆ ಏರುತ್ತದೆಂದು ಕೇಳಿದಳು.